ಅಕ್ಕಿ, ಮಳೆ ಮತ್ತು ಮಂಗಳೂರಿನ ಮುತ್ತಿಗೆ

ಕನ್ನಡ ನಾಡಿನ ವೀರಗಲ್ಲುಗಳಲ್ಲಿ ಕಾದಿ ಮಡಿದವನ ಹೆಸರುಂಟು. ಅವನ ದಂಡಿಗೆ ಎತ್ತಿನ ಹೇರಿನಲ್ಲಿ ದವಸ ತಂದವನ ಹೆಸರಿಲ್ಲ. ಯುದ್ಧದ ಇತಿಹಾಸವನ್ನು ರಣರಂಗದಿಂದಲೇ ಓದುವ ರೂಢಿಯಿಂದಾಗಿ ಸೈನ್ಯದ ಹೊಟ್ಟೆಪಾಡಿನ ಕಥೆ ಮರೆಗೆ ಸರಿದಿದೆ. 1783–84ರ ಮಂಗಳೂರಿನ ಮುತ್ತಿಗೆಯನ್ನು ಈ ಮರೆತ ಕಡೆಯಿಂದ ನೋಡಿದರೆ, ಅಲ್ಲಿ ಸೋಲು ಗೆಲುವುಗಳನ್ನು ನಿರ್ಣಯಿಸಿದ್ದು ಫಿರಂಗಿಗಿಂತ ಹೆಚ್ಚಾಗಿ ಅಕ್ಕಿ ಮತ್ತು ಮಳೆ ಎಂಬುದು ಸ್ಪಷ್ಟವಾಗುತ್ತದೆ.

1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಗೆ ಅದರೊಂದಿಗೆ ಕೆನರಾ ಕರಾವಳಿಯೂ ದೊರೆಯಿತು. ಈ ಕರಾವಳಿಯ ಅಕ್ಕಿ ಶತಮಾನಗಳಿಂದ ಗೋವೆಗೂ ಅರಬ್ ದೇಶಗಳಿಗೂ ಹಡಗೇರುತ್ತಿತ್ತು. ಮಂಗಳೂರು ಮೈಸೂರಿನ ನೌಕಾನೆಲೆಯೂ ಆಯಿತು. ಮುಂಬಯಿಯ ಆಂಗ್ಲ ಸರಕಾರದ ಕಣ್ಣು ಈ ಬಂದರಿನ ಮೇಲೆ ಬಿದ್ದುದು ಸಹಜವೇ. 1768ರಲ್ಲಿ ಒಮ್ಮೆ ಸಮುದ್ರಮಾರ್ಗವಾಗಿ ಬಂದು ಮಂಗಳೂರನ್ನು ಹಿಡಿದ ಆಂಗ್ಲ ಪಡೆ ಕೆಲವೇ ತಿಂಗಳುಗಳಲ್ಲಿ ಅದನ್ನು ಬಿಟ್ಟು ಓಡಿತ್ತು.

1782ರ ಡಿಸೆಂಬರಿನಲ್ಲಿ ಹೈದರನು ತೀರಿಕೊಂಡಾಗ ಜನರಲ್ ಮ್ಯಾಥ್ಯೂಸನ ಪಡೆ ಕರಾವಳಿಯಲ್ಲಿತ್ತು. ಹಿಡಿದ ಕೋಟೆಗಳನ್ನು ಮೊದಲು ಭದ್ರಪಡಿಸಿಕೊಳ್ಳಬೇಕೆಂಬುದು ಅವನ ಅಭಿಪ್ರಾಯ; ಕೂಡಲೇ ಬಿದನೂರಿಗೆ ಏರಬೇಕೆಂಬುದು ಮುಂಬಯಿಯ ಆಜ್ಞೆ. ಆಜ್ಞೆಯಂತೆ ಅವನು ಹೊಸಂಗಡಿ ಘಟ್ಟವನ್ನು ಹತ್ತಿದನು. 1783ರ ಜನವರಿಯಲ್ಲಿ ಬಿದನೂರು ಹೆಚ್ಚಿನ ಕಾದಾಟವಿಲ್ಲದೆ ಕೈವಶವಾಯಿತು; ಮಾರ್ಚಿನಲ್ಲಿ ಮಂಗಳೂರು ಶರಣಾಯಿತು. ಆದರೆ ಬಿದನೂರಿನ ನಿಧಿಯ ವಿಚಾರದಲ್ಲಿ ಸೇನಾನಿಗೂ ಅವನ ಅಧಿಕಾರಿಗಳಿಗೂ ವೈಮನಸ್ಯ ಬೆಳೆಯಿತು. ಪಡೆ ಚಿಕ್ಕಚಿಕ್ಕ ಠಾಣೆಗಳಾಗಿ ಚದುರಿತು. ಟಿಪ್ಪು ಸುಲ್ತಾನನು ಬಂದವನೇ ಬಿದನೂರಿನ ಮೇಲೆ ಏರಿಹೋದುದಷ್ಟೇ ಅಲ್ಲ, ಘಟ್ಟದ ದಾರಿಗಳನ್ನೂ ಕಡಿದನು. ಕರಾವಳಿಯ ಸಂಪರ್ಕವಿಲ್ಲದೆ ಮಲೆನಾಡಿನ ಮೇಲೆ ನಿಂತ ಪಡೆಗೆ ಉಳಿವಿರಲಿಲ್ಲ. ಶರಣಾದ ಮ್ಯಾಥ್ಯೂಸ್ ಶ್ರೀರಂಗಪಟ್ಟಣದ ಸೆರೆಯಲ್ಲಿ ಸತ್ತನು.

ಈ ವೇಗದ ಹಿಂದೆ ಮೈಸೂರಿನ ಹಳೆಯ ವ್ಯವಸ್ಥೆಯೊಂದಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯ ದನಗಳನ್ನು ಹೈದರನು ದಂಡಿನ ಸಾಗಾಟಕ್ಕೆ ಬಳಸಿದನು, ಟಿಪ್ಪುವು ಅದಕ್ಕೆ ‘ಅಮೃತ ಮಹಲ್’ ಎಂದು ಹೆಸರಿಟ್ಟನು. ಈ ಎತ್ತುಗಳ ನಡಿಗೆಯ ವೇಗವೇ ಮೈಸೂರು ದಂಡಿನ ವೇಗ. 1799ರ ನಂತರ ಆರ್ಥರ್ ವೆಲ್ಲೆಸ್ಲಿಯೂ ಇವುಗಳ ಬೆಲೆಯನ್ನು ಅರಿತುಕೊಂಡನು.

ಆದರೆ ಘಟ್ಟದ ಕೆಳಗೆ ಈ ಲೆಕ್ಕ ತಪ್ಪಿತು. 1783ರ ಮೇ ತಿಂಗಳಲ್ಲಿ ಟಿಪ್ಪುವು ಮಂಗಳೂರು ಕೋಟೆಯನ್ನು ಮುತ್ತಿದನು. ಒಳಗೆ ಕರ್ನಲ್ ಕ್ಯಾಂಬೆಲ್ಲನ ಕೈಕೆಳಗೆ ಸುಮಾರು 700 ಯೂರೋಪಿಯನ್ನರೂ 2,800ರಷ್ಟು ದೇಶೀಯ ಸಿಪಾಯಿಗಳೂ ಇದ್ದರು. ಹೊರಗೆ ಹತ್ತಾರು ಸಾವಿರದ ದಂಡು ಮತ್ತು ಫ್ರೆಂಚ್ ತುಕಡಿ. ತುಳುನಾಡಿನ ರೈತ ಏಣೆಲು ಬೆಳೆಗೆ ಗದ್ದೆ ಹದಮಾಡುವ ಹೊತ್ತಿನಲ್ಲೇ ಆರಂಭವಾದ ಮುತ್ತಿಗೆ ಆಟಿ ತಿಂಗಳನ್ನು ದಾಟಿತು. ಆಟಿಯೆಂದರೆ ಮನೆಯ ಕಣಜ ಬರಿದಾಗಿ ಸೊಪ್ಪುಸದೆಗಳಿಂದ ದಿನ ನೂಕುವ ಕಾಲ. ಊರಿನವರಿಗೇ ಅನ್ನ ಸಾಲದ ತಿಂಗಳಲ್ಲಿ ಎರಡು ಸೈನ್ಯಗಳಿಗೆ ಅನ್ನವೆಲ್ಲಿಂದ ಬರಬೇಕು? ಜಡಿಮಳೆಯಲ್ಲಿ ಕಂದಕಗಳು ಕುಸಿದವು, ಪಾಳೆಯಕ್ಕೆ ರೋಗ ಹೊಕ್ಕಿತು. ಕೋಟೆಯವರ ಪಾಡೂ ಬೇರೆಯಲ್ಲ. ಮುಂಗಾರಿನ ಕಡಲು ಮುಂಬಯಿಯ ಹಡಗುಗಳಿಗೆ ದಾರಿ ಕೊಡಲಿಲ್ಲ.

ಯೂರೋಪಿನ ಸಂಧಿಯ ಸುದ್ದಿ ತಲುಪುತ್ತಲೇ ಫ್ರೆಂಚರು ಹಿಂದೆ ಸರಿದರು. ಆಗಸ್ಟ್ 2ರಂದು ಕದನವಿರಾಮವಾಯಿತು. ಕೋಟೆಯವರು ಆಹಾರ ಕೊಳ್ಳಲು ಅದರಲ್ಲಿ ಅವಕಾಶವಿದ್ದರೂ ಆ ದಾರಿ ಕ್ರಮೇಣ ಮುಚ್ಚಿತು. ನವೆಂಬರಿನಲ್ಲಿ ಜನರಲ್ ಮ್ಯಾಕ್ಲಿಯೋಡ್ ಹಡಗುಗಳೊಡನೆ ಬಂದು, ಮಾತುಕತೆ ನಡೆಸಿ, ಕಾದದೆಯೇ ಮರಳಿದನು. ಕೋಟೆಯೊಳಗೆ ಸ್ಕರ್ವಿ ಹರಡಿತು, ಕುದುರೆಗಳನ್ನು ತಿನ್ನುವ ಸ್ಥಿತಿ ಬಂದಿತು. 1784ರ ಜನವರಿ 30ರಂದು ಕ್ಯಾಂಬೆಲ್ ಸೈನಿಕ ಮರ್ಯಾದೆಯೊಂದಿಗೆ ಕೋಟೆ ಬಿಟ್ಟುಕೊಟ್ಟನು. ಮಾರ್ಚಿನಲ್ಲಿ ತಾನೂ ತೀರಿಕೊಂಡನು.

ಗೆದ್ದವನ ಗೆಲುವೂ ದುಬಾರಿಯೇ ಆಗಿತ್ತು. ಟಿಪ್ಪುವು ಒಂದೇ ಕೋಟೆಯ ಮುಂದೆ ಎಂಟು ತಿಂಗಳಿಗೂ ಹೆಚ್ಚು ಕಾಲ ನಿಂತಿದ್ದಾಗ ಕರ್ನಲ್ ಫುಲ್ಲರ್ಟನ್ ದಕ್ಷಿಣದಲ್ಲಿ ಪಾಲಕ್ಕಾಡು, ಕೊಯಮತ್ತೂರುಗಳನ್ನು ಹಿಡಿದಿದ್ದನು. ಮಾರ್ಚ್ 11ರ ಮಂಗಳೂರು ಒಪ್ಪಂದದಂತೆ ಇಬ್ಬರೂ ಗೆದ್ದುದನ್ನು ಮರಳಿಸಿದರು. ಯಾರಿಗೂ ನೆಲ ಹೆಚ್ಚಲಿಲ್ಲ. ತೆತ್ತವರು ಮಾತ್ರ ಉಳಿದರು. ಆಂಗ್ಲರಿಗೆ ನೆರವಾದರೆಂಬ ಆರೋಪದ ಮೇಲೆ ಕೆನರಾದ ಸಾವಿರಾರು ಕ್ರೈಸ್ತರು ಸೆರೆಯಾಗಿ ಘಟ್ಟವೇರಿ ಶ್ರೀರಂಗಪಟ್ಟಣಕ್ಕೆ ನಡೆದರು. ಬದುಕುಳಿದವರು ಊರು ಕಂಡದ್ದು 1799ರ ನಂತರ. ಆಂಗ್ಲರ ಪರವಾಗಿ ಹಸಿದು ಕಾದ ದೇಶೀಯ ಸಿಪಾಯಿಗಳ ಪಡೆಗೆ ‘ಮಂಗಳೂರು’ ಎಂಬ ಯುದ್ಧಗೌರವ ಸಂದಿತು; ಆ ಸಿಪಾಯಿಗಳ ಹೆಸರು ಜನರ ನೆನಪಿಗೆ ಬರಲಿಲ್ಲ.

ಸೇನಾನಾಯಕತ್ವದ ಅಳತೆ ಇಲ್ಲಿಯೇ ಇದೆ. ದಾರಿ ಕಾಯದೆ ಮುಂದೆ ಹೋದವನು ಮ್ಯಾಥ್ಯೂಸ್. ಅದು ಮೇಲಿನವರ ಅವಸರದ ಫಲವೂ ಹೌದು. ಇದ್ದುದನ್ನು ಹಂಚಿಕೊಂಡು ನಿಂತವನು ಕ್ಯಾಂಬೆಲ್. ಎದುರಾಳಿಯ ದಾರಿಯನ್ನು ಕಡಿಯಬಲ್ಲವನಾಗಿದ್ದ ಟಿಪ್ಪುವಿಗೂ ಕರಾವಳಿಯ ಮಳೆಯನ್ನು ಗೆಲ್ಲಲಾಗಲಿಲ್ಲ. ಪಾಠ ಕಲಿತವನೂ ಅವನೇ: ಬೋಳೂರಿನಲ್ಲಿ ಇಂದಿಗೂ ನಿಂತಿರುವ ಸುಲ್ತಾನ್ ಬತ್ತೇರಿ, ಫಲ್ಗುಣಿ ನದಿಯೊಳಗೆ ಶತ್ರುನೌಕೆಗಳು ನುಗ್ಗದಂತೆ 1784ರಲ್ಲಿ ಕಟ್ಟಿಸಿದ್ದು.

ಮಳೆಗಾಲದಲ್ಲಿ ಮುಚ್ಚಿಹೋಗುವ ಬಂದರಿನ ಕೊರತೆ ನೀಗಲು ಮತ್ತೆ ಸುಮಾರು ಎರಡು ಶತಮಾನ ಬೇಕಾಯಿತು. ಫಲ್ಗುಣಿಯ ಉತ್ತರಕ್ಕೆ, ಪಣಂಬೂರಿನಲ್ಲಿ ನೆಲವನ್ನು ಅಗೆದು ಮಾಡಿದ ಸರ್ವಋತು ಬಂದರು 1975ರಲ್ಲಿ ಉದ್ಘಾಟನೆಗೊಂಡಿತು. ಅದಕ್ಕಾಗಿ ಮನೆ ಗದ್ದೆಗಳನ್ನು ಬಿಟ್ಟುಕೊಟ್ಟ ಕುಟುಂಬಗಳಿಗೆ ಸುರತ್ಕಲ್ ಬಳಿಯ ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ನೆಲೆ ಕಲ್ಪಿಸಲಾಯಿತು. ಇದು ಯುದ್ಧವಲ್ಲ, ನಿಜ. ಆದರೂ ಹಡಗಿನ ದಾರಿ ತೆರೆದಿರಲೆಂದು ನೆಲ ಬಿಟ್ಟವರನ್ನು ಬಂದರಿನ ಇತಿಹಾಸದಿಂದ ಹೊರಗಿಟ್ಟರೆ, ಹೇರು ಹೊತ್ತವನನ್ನು ಮರೆತ ಹಳೆಯ ತಪ್ಪೇ ಮರುಕಳಿಸುತ್ತದೆ. ಮಂಗಳೂರಿನ ಮುತ್ತಿಗೆಯ ಅಧ್ಯಯನ ಕೋಟೆಯ ಗೋಡೆಯ ಬಳಿಯೇ ನಿಲ್ಲದೆ ಗದ್ದೆ, ಘಟ್ಟ, ಕಡಲುಗಳಿಗೂ ಹಬ್ಬಬೇಕಾದುದು ಈ ಕಾರಣದಿಂದ.