ಸೈಕಲ್ಲಿನಲ್ಲಿ ಬೆಂಕಿಪುರದ ಸುತ್ತ

ತೊಂಬತ್ತರ ದಶಕದ ಆರಂಭದಲ್ಲಿ, ನಾವು ಹೈಸ್ಕೂಲು ಹುಡುಗರಾಗಿದ್ದಾಗ, ಭದ್ರಾವತಿಯ ಓಲ್ಡ್ ಟೌನಿನಲ್ಲಿ ಸೈಕಲ್ ಬಾಡಿಗೆಗೆ ಸಿಗುತ್ತಿತ್ತು. ಗಂಟೆ ಲೆಕ್ಕ. ಅಂಗಡಿಯ ಚಾಚಾ ಒಂದು ಉದ್ದನೆಯ ಪುಸ್ತಕದಲ್ಲಿ ಹೊರಟ ಹೊತ್ತನ್ನು ಉರ್ದುವಿನಲ್ಲಿ ಬರೆದುಕೊಳ್ಳುತ್ತಿದ್ದರು. ಇಡೀ ದಿನಕ್ಕೆ ಬೇಕಾದರೆ ಮನೆಯಿಂದ ಹಿರಿಯರು ಯಾರಾದರೂ ಬಂದು ಒಂದು ಮಾತು ಹೇಳಬೇಕು. ನಾವು ನಾಲ್ವರು ಮೊದಲ ಸಲ ದಿನದ ಬಾಡಿಗೆಗೆ ಸೈಕಲ್ ಕೇಳಿದಾಗ ಚಾಚಾ ಕೇಳಿದರು, "ಕಿಧರ್ ಜಾರೈಂ ರೇ?" ಡ್ಯಾಮಿಗೆ ಎಂದೆವು. "ಅಲ್ಲೇನು ಕೆಲಸ?" ಕೆಲಸ ಏನೂ ಇಲ್ಲ, ನೋಡೋದಕ್ಕೆ ಎಂದೆವು. ಚಾಚಾ ನಕ್ಕುಬಿಟ್ಟರು. ಅವರ ತಂದೆ ಅದೇ ಡ್ಯಾಮಿಗೆ ಕಲ್ಲು ಹೊರಲು ಹೋಗಿದ್ದವರಂತೆ. ಅದನ್ನು ನೋಡಲಿಕ್ಕೆಂದು ದುಡ್ಡು ಕೊಟ್ಟು ಸೈಕಲ್ ತುಳಿದುಕೊಂಡು ಹೋಗುವವರೂ ಇದ್ದಾರೆಂಬುದು ಅವರಿಗೆ ತಮಾಷೆಯಾಗಿ ಕಂಡಿತ್ತು.

ಆ ನಗು ನಮಗೆ ಅರ್ಥವಾಗಲು ಬಹಳ ವರ್ಷ ಬೇಕಾಯಿತು.

ಓಲ್ಡ್ ಟೌನ್ ಎಂಬ ಹೆಸರು ಹಳೆಯದೇನಲ್ಲ. ಭದ್ರಾ ನದಿಯ ದಡದ ಈ ಊರಿಗೆ ಮೊದಲು ಬೆಂಕಿಪುರ ಎಂಬ ಹೆಸರಿತ್ತು. ಹೊಯ್ಸಳರ ಕಾಲದ, 13ನೇ ಶತಮಾನದ ಲಕ್ಷ್ಮೀನರಸಿಂಹ ದೇವಾಲಯ ಇಲ್ಲೇ ಇದೆ. ಮೂರು ಗರ್ಭಗುಡಿಗಳ ತ್ರಿಕೂಟ. ನಮ್ಮ ಆಟದ ದಾರಿಗಳೆಲ್ಲ ಅದರ ಗೋಡೆಯ ಬದಿಯಿಂದಲೇ ಹಾಯುತ್ತಿದ್ದವು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂತು. ಆಗಲೂ ಇದು ಸಣ್ಣ ಊರೇ. ಕಾರ್ಖಾನೆ ಬಂದು, ಅದರ ಮಗ್ಗುಲಲ್ಲಿ ನ್ಯೂ ಟೌನ್ ಎದ್ದು, ಆಮೇಲೆ ಕಾಗದದ ಕಾರ್ಖಾನೆಗಾಗಿ ಪೇಪರ್ ಟೌನ್ ಹುಟ್ಟಿಕೊಂಡ ಮೇಲೆ ಉಳಿದದ್ದು ಓಲ್ಡ್ ಟೌನ್ ಆಯಿತು. ಬೆಂಕಿಪುರ ಭದ್ರಾವತಿಯಾಯಿತು. ಊರಿಗೆ ನಿಜವಾಗಿ ಬೆಂಕಿ ಬಂದಾಗಲೇ ಹೆಸರಿನಿಂದ ಬೆಂಕಿ ಹೋದದ್ದು ಒಂದು ವಿನೋದ.

ಕಾರ್ಖಾನೆ ಇಲ್ಲಿಗೇ ಏಕೆ ಬಂತು? ಬಾಬಾಬುಡನ್ ಬೆಟ್ಟಗಳಲ್ಲಿ ಅದಿರಿತ್ತು. ಹತ್ತಿರದ ಭಂಡಿಗುಡ್ಡದಲ್ಲಿ ಸುಣ್ಣಕಲ್ಲಿತ್ತು. ನದಿಯಲ್ಲಿ ನೀರಿತ್ತು. ಇಲ್ಲದ್ದು ಕಲ್ಲಿದ್ದಲು ಒಂದೇ. ಮೈಸೂರು ಸಂಸ್ಥಾನದಲ್ಲಿ ಅದು ಸಿಗುತ್ತಿರಲಿಲ್ಲ. ಅದರ ಬದಲು ಮಲೆನಾಡಿನ ಕಾಡಿತ್ತು. ಮರವನ್ನು ಮುಚ್ಚಿದ ಒಲೆಗಳಲ್ಲಿ ಸುಟ್ಟು ಇದ್ದಿಲು ಮಾಡಿ, ಆ ಇದ್ದಿಲಿನಿಂದ ಅದಿರು ಕರಗಿಸುವುದೆಂದು ತೀರ್ಮಾನವಾಯಿತು. ಹಾಗಾಗಿ ಮೊದಲ ಯೋಜನೆಯ ಹೆಸರಿನಲ್ಲಿ ಕಬ್ಬಿಣದ ಜೊತೆ ಮರವೂ ಇತ್ತು. 1923ರ ಜನವರಿಯಲ್ಲಿ ಊದುಕುಲುಮೆಗೆ ಬೆಂಕಿ ಬಿತ್ತು. ದಿನಕ್ಕೆ 60 ಟನ್ ಬೀಡು ಕಬ್ಬಿಣ ತೆಗೆಯುವ ಕುಲುಮೆ ಅದು. ನಷ್ಟದಲ್ಲಿ ಹೆಜ್ಜೆ ಹಾಕುತ್ತಿದ್ದ ಕಾರ್ಖಾನೆಯನ್ನು 1923ರಿಂದ 1929ರ ವರೆಗೆ ವಿಶ್ವೇಶ್ವರಯ್ಯನವರು ಅಧ್ಯಕ್ಷರಾಗಿದ್ದು ನಿಲ್ಲಿಸಿದರು. ಆ ಕಥೆ ಶಾಲೆಯ ಪುಸ್ತಕಗಳಲ್ಲೇ ಇದೆ. ಆದರೆ ಕುಲುಮೆಯ ಬಾಯಿಗೆ ಎಷ್ಟು ಕಾಡು ಹೋಯಿತೆಂಬ ಕಥೆ ಯಾವ ಪಾಠದಲ್ಲೂ ಬರಲಿಲ್ಲ. ಜೋಗದ ವಿದ್ಯುತ್ತು ಬಂದು 1952ರಲ್ಲಿ ವಿದ್ಯುತ್ ಕುಲುಮೆಗಳು ಶುರುವಾಗುವ ತನಕ ನಮ್ಮೂರಿನ ಕಬ್ಬಿಣದಲ್ಲಿ ಅರ್ಧ ಪಾಲು ಲಕ್ಕವಳ್ಳಿ, ಉಂಬ್ಳೆಬೈಲು ಕಡೆಯ ಮರಗಳದ್ದು ಎಂದು ನಾವು ಲೆಕ್ಕ ಹಾಕುತ್ತೇವೆ. ಇದು ಕಥೆಗಾರರ ಲೆಕ್ಕ, ಎಂಜಿನಿಯರರದ್ದಲ್ಲ.

ಸೈಕಲ್ಲೂ ನಮ್ಮೂರಿಗೆ ವಿಹಾರಕ್ಕೆ ಬಂದದ್ದಲ್ಲ. ಸೈರನ್ ಕೂಗಿದರೆ ನದಿ ಸೇತುವೆಯ ಮೇಲೆ ಸೈಕಲ್ಲುಗಳದೇ ಸಂತೆ. ಪಾಳಿ ಮುಗಿಸಿ ಬರುವವರು ಒಂದು ಕಡೆ, ಪಾಳಿಗೆ ಹೋಗುವವರು ಇನ್ನೊಂದು ಕಡೆ. ಹ್ಯಾಂಡಲ್ಲಿಗೆ ಟಿಫಿನ್ ಡಬ್ಬಿ, ಕ್ಯಾರಿಯರ್ ಮೇಲೆ ತರಕಾರಿ ಚೀಲ. ಸೈಕಲ್ಲಿಗೆ ತೆರಿಗೆ ಕಟ್ಟಿ ತಗಡಿನ ಬಿಲ್ಲೆ ತಗುಲಿಸಿಕೊಳ್ಳುವ ಕಾಲವೂ ಒಂದಿತ್ತು. ರಾತ್ರಿ ಡೈನಮೊ ಇಲ್ಲದೆ ಹೋದರೆ, ಇಬ್ಬರು ಕೂತರೆ ಪೊಲೀಸರು ಚಕ್ರದ ಗಾಳಿ ಬಿಡುತ್ತಿದ್ದರಂತೆ. ಅಬ್ಬಾನ ಸೈಕಲ್ಲನ್ನು ಮುಟ್ಟುವ ಹಾಗಿರಲಿಲ್ಲ. ಅದು ಕಾರ್ಖಾನೆಯ ಆಸ್ತಿಯೇನೋ ಎಂಬಂತೆ ಅಮ್ಮೀ ಅದನ್ನು ಒರೆಸಿ ಇಡುತ್ತಿದ್ದರು. ಆದ್ದರಿಂದಲೇ ನಮಗೆ ಬಾಡಿಗೆ ಸೈಕಲ್ಲು.

ಡ್ಯಾಮಿನ ದಾರಿ ಸುಲಭ. ಊರಿಂದ ಇಪ್ಪತ್ತು ಕಿಲೋಮೀಟರು ಒಳಗೇ ಬಿ.ಆರ್.ಪಿ. ಸಿಗುತ್ತದೆ. ದಾರಿಯುದ್ದಕ್ಕೂ ಗದ್ದೆ, ಅಡಿಕೆ ತೋಟ, ಕಾಲುವೆಯ ನೀರು. ಭದ್ರಾ ಅಣೆಕಟ್ಟಿನ ಕೆಲಸ 1947ರಲ್ಲಿ ಶುರುವಾಗಿ 1965ರ ಹೊತ್ತಿಗೆ ಮುಗಿಯಿತು. 186 ಅಡಿಗೆ ಜಲಾಶಯ ತುಂಬುತ್ತದೆ. ಹಿಡಿಯುವ ನೀರು 71.5 ಟಿ.ಎಂ.ಸಿ. ದಾವಣಗೆರೆಯ ಕಡೆಯ ಬಯಲು ಹಸಿರಾದದ್ದು ಈ ನೀರಿನಿಂದ. ನಾವು ಕಟ್ಟೆಯ ಹತ್ತಿರ ಸೈಕಲ್ ನಿಲ್ಲಿಸಿ, ಬುತ್ತಿ ಬಿಚ್ಚಿ, ನೀರಿನಾಚೆಯ ನೀಲಿ ಬೆಟ್ಟಗಳನ್ನು ನೋಡುತ್ತಾ 'ಕ್ಯಾ ಸೀನರೀ' ಎನ್ನುತ್ತಿದ್ದೆವು. ಆ ಸೀನರಿಯ ಅಡಿಯಲ್ಲಿ ಏನಿದೆ ಎಂದು ಯಾರೂ ಹೇಳಿರಲಿಲ್ಲ.

ಅಡಿಯಲ್ಲಿ ಗದ್ದೆಗಳಿವೆ, ಮನೆಯ ಅಡಿಪಾಯಗಳಿವೆ. ರೈಲು ದಾರಿಯೂ ಇದೆ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡು ಅಡಿ ಅಗಲದ ಹಳಿಯ ಮೇಲೆ ಪುಟ್ಟ ರೈಲು ಓಡುತ್ತಿತ್ತು. ಎಡೇಹಳ್ಳಿ ಎಂಬ ಊರು ಯುವರಾಜರ ಹೆಸರಿನಲ್ಲಿ ನರಸಿಂಹರಾಜಪುರ ಆದ ಕಾಲದ ರೈಲು ಅದು. ಜಲಾಶಯ ತುಂಬಿದಾಗ ಆ ದಾರಿ ನೀರಿಗೆ ಸೇರಿತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ದ್ವೀಪಗಳು ಮೇಲೇಳುತ್ತವೆ. ಆ ದ್ವೀಪಗಳ ಮೇಲೆ ರಿವರ್ ಟರ್ನ್ ಹಕ್ಕಿಗಳು ಸಾವಿರಗಟ್ಟಲೆ ಬಂದು ಮೊಟ್ಟೆಯಿಡುತ್ತವೆ. ಈಗ ಅವನ್ನು ನೋಡಲೆಂದೇ ದೂರದಿಂದ ಜನ ಬರುತ್ತಾರೆ. ಹಕ್ಕಿ ಮೊಟ್ಟೆಯಿಡುವ ದಿಣ್ಣೆ ಒಂದು ಕಾಲಕ್ಕೆ ಯಾರದೋ ಹೊಲದ ಬದು ಆಗಿದ್ದಿರಬಹುದು. ಹಕ್ಕಿಯ ಮೇಲೆ ನಮಗೆ ಸಿಟ್ಟಿಲ್ಲ. ಅದಕ್ಕೆ ಸಿಕ್ಕ ನೆಲದಲ್ಲಿ ಅದು ಬದುಕಿದೆ.

ಜಲಾಶಯದ ಆಚೆಯ ಕಾಡು 1998ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಒಳಗಿದ್ದ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು 2001-02ರ ಸುಮಾರಿಗೆ ಹೊರಗೆ ಬಂದವು. ಭೂಮಿಯೂ ಮನೆಯೂ ಸಿಕ್ಕ ಪುನರ್ವಸತಿ ಎಂದು ಅದಕ್ಕೆ ಒಳ್ಳೆಯ ಹೆಸರಿದೆ. ಆ ಹೆಸರು ಸುಳ್ಳಲ್ಲ. ಆದರೂ ಒಂದೇ ಕಣಿವೆಯಿಂದ ಐವತ್ತು ವರ್ಷದೊಳಗೆ ಎರಡು ಸಲ ಜನ ಗಂಟು ಕಟ್ಟಿದರೆಂಬುದನ್ನು ದೋಣಿಯಲ್ಲಿ ಕೂತು ಹಕ್ಕಿ ನೋಡುವವರಿಗೂ ಯಾರಾದರೂ ಹೇಳಬೇಕು.

ಸೂಳೆಕೆರೆ ನಮ್ಮ ಎರಡನೆಯ ದಂಡಯಾತ್ರೆ. ಚನ್ನಗಿರಿ ದಾಟಿ ಹೋಗಬೇಕು. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ತನಕ ಅದೂ ನಮ್ಮ ಶಿವಮೊಗ್ಗ ಜಿಲ್ಲೆಯದೇ. ಹರಿದ್ರಾ ಹಳ್ಳಕ್ಕೆ ಎರಡು ಗುಡ್ಡಗಳ ನಡುವೆ ಅಡ್ಡ ಹಾಕಿದ ಏರಿ. ಉದ್ದ ಹೆಚ್ಚಿಲ್ಲ, ಆದರೆ ಅದರ ದಪ್ಪ ನೋಡಿದರೆ ಎದೆ ಝಲ್ಲೆನ್ನುತ್ತದೆ. ಸಿದ್ಧನ ತೂಬು, ಬಸವನ ತೂಬು ಎಂದು ಎರಡು ತೂಬುಗಳು. ಸಿಮೆಂಟು, ಯಂತ್ರ ಯಾವುದೂ ಇಲ್ಲದ ಕಾಲದ ಈ ಏರಿ ಶತಮಾನಗಳಿಂದ ನೀರು ತಡೆದು ನಿಂತಿದೆ. ಇಂದು ಚಿತ್ರದುರ್ಗಕ್ಕೆ ಕುಡಿಯುವ ನೀರು ಹೋಗುವುದೂ ಇಲ್ಲಿಂದ.

ಕೆರೆ ಕಟ್ಟಿಸಿದವಳು ಶಾಂತವ್ವ ಎಂಬ ರಾಜಕುಮಾರಿ ಎನ್ನುತ್ತಾರೆ. ಕೆರೆಗೆ ಬೇಕಾದ ಜಾಗ ವೇಶ್ಯೆಯರದ್ದಾಗಿತ್ತು, ಕೆರೆಗೆ ನಮ್ಮ ಹೆಸರಿಡುವುದಾದರೆ ಬಿಟ್ಟುಕೊಡುತ್ತೇವೆ ಎಂದು ಅವರು ಕರಾರು ಹಾಕಿದರು ಎಂಬುದು ಒಂದು ಕಥೆ. ಅಪ್ಪನೇ ಸಿಟ್ಟಿನಿಂದ ಮಗಳನ್ನು ಬೈದು ಇಟ್ಟ ಹೆಸರು ಅದು ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಹೆಂಗಸರು ಹೆಸರು ಗಳಿಸುತ್ತಾರೆ, ಎರಡನೆಯದರಲ್ಲಿ ಹೆಂಗಸಿಗೆ ಹೆಸರು ಅಂಟಿಸಲಾಗುತ್ತದೆ. ಈಗ ಮರ್ಯಾದೆಗೆಂದು ಶಾಂತಿಸಾಗರ ಎಂಬ ಬೋರ್ಡು ಬಿದ್ದಿದೆ. ನಮಗೆ ಮೊದಲ ಕಥೆಯೇ ಇಷ್ಟ. ನೆಲ ಕೊಟ್ಟವರ ಹೆಸರನ್ನು ನಾಲಿಗೆಗೆ ಮುಜುಗರ ಎಂದು ಅಳಿಸುವುದು ಕರಾರು ಮುರಿದಂತೆ. ಮನೆಗೆ ಬಂದು ಎಲ್ಲಿಗೆ ಹೋಗಿದ್ದಿರಿ ಎಂದು ಅಮ್ಮೀ ಕೇಳಿದಾಗ ಮಾತ್ರ ನಾವು ಜಾಣರಾಗಿ ಚನ್ನಗಿರಿಗೆ ಎಂದೆವು.

ಕೆಮ್ಮಣ್ಣುಗುಂಡಿಗೆ ಹೋದದ್ದು ಪಿ.ಯು.ಸಿ. ಪರೀಕ್ಷೆ ಮುಗಿದ ಮೇಲೆ. ತರೀಕೆರೆ, ಲಿಂಗದಹಳ್ಳಿಯ ತನಕ ತುಳಿದೆವು. ಘಾಟಿ ಶುರುವಾದ ಮೇಲೆ ಸೈಕಲ್ಲು ನಮ್ಮನ್ನು ಹೊರಲಿಲ್ಲ, ನಾವೇ ಅದನ್ನು ನೂಕಿದೆವು. ಕಲ್ಲತ್ತಿಗಿರಿಯ ನೀರಿನ ಕೆಳಗೆ ತಲೆಯೊಡ್ಡಿ ನಿಂತು, ಮತ್ತೆ ನೂಕಿ, ಮೇಲೆ ತಲುಪುವಾಗ ಮಧ್ಯಾಹ್ನ ಕಳೆದಿತ್ತು. ನಾಲ್ಮಡಿ ಕೃಷ್ಣರಾಜ ಒಡೆಯರು ಬೇಸಿಗೆ ಕಳೆಯುತ್ತಿದ್ದ ಜಾಗ. ತೋಟಗಾರಿಕೆ ಇಲಾಖೆಯ ಹೂಗಳು, ಮಂಜು, ಗುಲಾಬಿ. ಅದರ ಮಗ್ಗುಲಲ್ಲೇ ಕೆಂಪಗೆ ಬಗೆದ ಗುಡ್ಡ. ಕೆಂಪು ಮಣ್ಣಿನ ಗುಂಡಿ ಎಂದು ಹೆಸರೇ ಕೂಗಿ ಹೇಳುತ್ತಿದ್ದರೂ ನಾವು ಅದನ್ನು ಬರೀ ಹೂವಿನ ಊರೆಂದುಕೊಂಡಿದ್ದೆವು. ಇಲ್ಲಿ ಅಗೆದ ಅದಿರು ತಂತಿಹಾದಿಯ ತೊಟ್ಟಿಲುಗಳಲ್ಲಿ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಸಣ್ಣ ಹಳಿಯ ಮೇಲೆ ಭದ್ರಾವತಿಗೆ ಬರುತ್ತಿತ್ತು.

ಆ ಸಾಲಿನ ಮುಂದೆ ಬಾಬಾಬುಡನ್‌ಗಿರಿ. ಮಕ್ಕಾದಿಂದ ಮರಳುವಾಗ ಬಾಬಾ ಬುಡನರು ಏಳು ಕಾಫಿ ಬೀಜ ತಂದು ಅಲ್ಲಿ ಬಿತ್ತಿದರೆಂಬ 17ನೇ ಶತಮಾನದ ಕಥೆ ಎಲ್ಲರಿಗೂ ಗೊತ್ತು. ದತ್ತಾತ್ರೇಯರ ಹೆಸರಿನಲ್ಲಿ ಬರುವವರೂ ಬಾಬಾರ ಹೆಸರಿನಲ್ಲಿ ಬರುವವರೂ ಒಂದೇ ಗುಹೆಗೆ ನಡೆದ ಬೆಟ್ಟವದು. ಆಮೇಲೆ ಕೋರ್ಟು, ಪೊಲೀಸು ಎಲ್ಲ ಬಂತು. ಈ ಬೆಟ್ಟಗಳಲ್ಲಿ ಕಾಲುದಾರಿ ಮಾಡಿದವರು ಪ್ರವಾಸಿಗರಲ್ಲ ಎಂಬುದಷ್ಟೇ ಇಲ್ಲಿ ನಮಗೆ ಬೇಕಾದ ಮಾತು. ಫಕೀರರು, ಜೋಗಿಗಳು, ಕಾಫಿ ತೋಟದ ಆಳುಗಳು, ಅದಿರಿನ ಕೂಲಿಗಳು ತುಳಿದ ದಾರಿಯಲ್ಲಿ ನಾವು ಸೈಕಲ್ ನೂಕಿದ್ದೆವು.

ಮರುದಿನ ಮನೆಗೆ ಬಂದು ಮಂಜಿನ ವರ್ಣನೆ ಶುರುಮಾಡಿದಾಗ ಅಬ್ಬಾ ಕೇಳಿದ್ದು ಒಂದೇ ಪ್ರಶ್ನೆ: "ಅದಿರು ಇನ್ನೂ ಎಷ್ಟಿದೆ?" ಆಗಲೇ ನಮಗೆ ಹೊಳೆದದ್ದು, ಅಷ್ಟು ವರ್ಷ ಆ ಬೆಟ್ಟವನ್ನು ಕರಗಿಸಿದವರು ಒಂದು ಸಲವೂ ಅದನ್ನು ನೋಡಿರಲಿಲ್ಲವೆಂದು. ವಾರದ ರಜೆಯಲ್ಲಿ ಅವರು ಮಲಗುತ್ತಿದ್ದರು.

1989ರಲ್ಲಿ ಕಾರ್ಖಾನೆ ಕೇಂದ್ರದ ಉಕ್ಕು ಪ್ರಾಧಿಕಾರದ ಕೈಗೆ ಹೋಗಿ, 1998ರಲ್ಲಿ ಅದರಲ್ಲೇ ವಿಲೀನವಾಯಿತು. ಕೆಮ್ಮಣ್ಣುಗುಂಡಿಯ ಗಣಿ ನಿಂತಿತು. ಕಾಗದದ ಕಾರ್ಖಾನೆಯ ಯಂತ್ರಗಳು 2015ರ ಹೊತ್ತಿಗೆ ಸುಮ್ಮನಾದವು. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಬಂದಾಗ ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂತರು. ಅದೇ ವರ್ಷದ ಆಗಸ್ಟಿನಲ್ಲಿ ಕೆಲಸ ಒಂದಿಷ್ಟು ಮತ್ತೆ ಶುರುವಾಯಿತು. ಈಗ ನಮ್ಮ ಭಾಗಕ್ಕೆ ಪ್ರವಾಸೋದ್ಯಮವೇ ದಾರಿ ಎನ್ನುವವರು ಹೆಚ್ಚಾಗಿದ್ದಾರೆ. ಡ್ಯಾಮು, ಕೆರೆ, ಬೆಟ್ಟ ಎಲ್ಲವೂ ಇದೆಯಲ್ಲ ಎನ್ನುತ್ತಾರೆ. ಇದೆ, ನಿಜ. ಕುಲುಮೆಗೆ ದುಡಿದ ಮನೆಗಳ ಹುಡುಗರು ಇನ್ನು ಬಂದವರಿಗೆ ಚಹಾ ಕೊಟ್ಟು, ಕಾರು ನಿಲ್ಲಿಸುವ ಜಾಗ ತೋರಿಸಿ ಬದುಕಬಹುದೇನೋ. ಎಷ್ಟು ಮನೆಗಳು ಹಾಗೆ ನಡೆದಾವು ಎಂದು ಕೇಳಿದರೆ ಉತ್ತರ ಬರುವುದಿಲ್ಲ.

ನಿವೃತ್ತಿಯಾಗಿ ಕೆಲವು ವರ್ಷಗಳ ಮೇಲೆ ಅಬ್ಬಾನನ್ನು ನಾವು ಕೆಮ್ಮಣ್ಣುಗುಂಡಿಗೆ ಕರೆದೊಯ್ದೆವು, ಈ ಸಲ ಜೀಪಿನಲ್ಲಿ. ಹೂವಿನ ತೋಟದಲ್ಲಿ ಅವರು ಹೆಚ್ಚು ಹೊತ್ತು ನಿಲ್ಲಲಿಲ್ಲ. ರಸ್ತೆ ಬದಿಯ ಒಂದು ಕಲ್ಲನ್ನೆತ್ತಿ ಅಂಗೈಯಲ್ಲಿ ತೂಗಿ ನೋಡಿದರು. "ಅಚ್ಛಾ ಮಾಲ್ ಹೈ," ಎಂದರು. ಕಲ್ಲನ್ನು ಇದ್ದಲ್ಲೇ ಇಟ್ಟು, ಕೈಯ ಕೆಂಪನ್ನು ಕರ್ಚೀಫಿಗೆ ಒರೆಸಿಕೊಂಡು, ಕತ್ತಲಾಗುವ ಮೊದಲು ಘಾಟಿ ಇಳಿಯೋಣ ಎಂದರು.