ಕೆಮ್ಮಣ್ಣುಗುಂಡಿ ಹೇಳುವ ಪಾಠ

ಹೆಸರೇ ಸೂಚಿಸುವಂತೆ ಕೆಮ್ಮಣ್ಣುಗುಂಡಿ ಮೊದಲು ಅದಿರಿನ ಊರು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಆರಂಭವಾದಾಗ ಅದಕ್ಕೆ ಅದಿರು ಒದಗಿಸಿದ್ದು ಬಾಬಾಬುಡನ್ ಶ್ರೇಣಿಯ ಈ ಬೆಟ್ಟ. ಇಲ್ಲಿನ ತಂಪಿಗೆ ಮನಸೋತ ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆ ಬಿಡಾರ ಮಾಡಿಕೊಂಡರು. 1942ರಲ್ಲಿ ಅದು ತೋಟಗಾರಿಕೆ ಇಲಾಖೆಗೆ ಸೇರಿತು. ಅರಸರ ಬಿಡಾರ ಜನಸಾಮಾನ್ಯರ ಹೂದೋಟವಾಯಿತು.

ಗಿರಿಧಾಮಗಳು ಬದುಕುಳಿಯುವುದೇ ಹೀಗೆ, ಕಾಲಕ್ಕೆ ತಕ್ಕಂತೆ ಕಸುಬು ಬದಲಿಸಿಕೊಂಡು. ಸ್ವಿಟ್ಜರ್ಲೆಂಡಿನ ದಾವೋಸ್ ಒಂದು ಕಾಲಕ್ಕೆ ಕ್ಷಯರೋಗಿಗಳ ಆರೈಕೆಗೆ ಹೆಸರಾಗಿತ್ತು. ಕ್ಷಯಕ್ಕೆ ಔಷಧ ಬಂದ ಮೇಲೆ ಆ ಊರು ಹಿಮದಾಟ ಮತ್ತು ಸಮ್ಮೇಳನಗಳನ್ನು ನೆಚ್ಚಿಕೊಂಡಿತು. ನಮ್ಮ ಮಲೆನಾಡಿನಲ್ಲಿ ಇಂಥ ತಿರುವು ತಂದದ್ದು ಕಾಫಿ. 2000ದ ಆಸುಪಾಸಿನಲ್ಲಿ ಜಾಗತಿಕ ಮಾರುಕಟ್ಟೆಯಲ್ಲಿ ಬೆಲೆ ಕುಸಿದಾಗ ಬೆಳೆಗಾರರು ಕಂಗಾಲಾದರು. ತೋಟದ ಮನೆಯ ಕೋಣೆಗಳನ್ನು ಪ್ರವಾಸಿಗರಿಗೆ ಬಿಟ್ಟುಕೊಟ್ಟವರಿಗೆ ಇನ್ನೊಂದು ಆದಾಯದ ದಾರಿ ಸಿಕ್ಕಿತು. ಹೋಂಸ್ಟೇ ಎಂಬ ಪದ ಹಳ್ಳಿಗಳಲ್ಲೂ ಬಳಕೆಗೆ ಬಂತು.

ಆದರೆ ಬರುವವರೇ ಹೊರೆಯಾದರೆ? ರಜಾದಿನಗಳಲ್ಲಿ ಮುಳ್ಳಯ್ಯನಗಿರಿಯ ಕಡಿದಾದ ಹಾದಿಯಲ್ಲಿ ವಾಹನಗಳು ಸಾಲುಗಟ್ಟತೊಡಗಿದವು. ಮಳೆಗಾಲದಲ್ಲಿ ಗುಡ್ಡ ಕುಸಿಯುವ ಭಯ ಬೇರೆ. 2025ರ ಸೆಪ್ಟೆಂಬರ್‌ನಲ್ಲಿ ಚಿಕ್ಕಮಗಳೂರು ಜಿಲ್ಲಾಡಳಿತ ಅಲ್ಲಿಗೆ ದಿನಕ್ಕೆ 1,200 ವಾಹನಗಳ ಮಿತಿ ಹಾಕಿ, ಮುಂಗಡ ನೋಂದಣಿ ಕಡ್ಡಾಯ ಮಾಡಿತು. ಹೆಚ್ಚು ಜನರನ್ನು ಕರೆಯುವುದೇ ಪ್ರಗತಿ ಎಂದು ನಂಬಿದ್ದ ಪ್ರವಾಸೋದ್ಯಮ ಲೆಕ್ಕ ಇಡಲು ಕಲಿಯಿತು.

ಇದು ಚಿಕ್ಕಮಗಳೂರಿನವರ ಚಿಂತೆ ಮಾತ್ರವಲ್ಲ. ಆ ಗಿರಿಗಳ ಹಳ್ಳಗಳ ನೀರು ಭದ್ರೆಯನ್ನು ಸೇರುತ್ತದೆ. ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳ ಗದ್ದೆ ತೋಟಗಳಿಗೆ ಹರಿಯುವುದು ಭದ್ರಾ ನಾಲೆಯ ನೀರು. ಬರಪೀಡಿತ ಜಗಳೂರು ಎದುರು ನೋಡಿದ್ದೂ ಭದ್ರಾ ಮೇಲ್ದಂಡೆ ಯೋಜನೆಯನ್ನೇ. ಶೋಲಾ ಕಾಡು, ಹುಲ್ಲುಗಾವಲು ಸವೆದರೆ ಅದರ ಪೆಟ್ಟು ಬಯಲಿಗೂ ತಟ್ಟೀತು.

ನಮ್ಮಲ್ಲೂ ಬೆಟ್ಟಗಳಿವೆ. ನ್ಯಾಮತಿ ತಾಲ್ಲೂಕಿನ ತೀರ್ಥರಾಮೇಶ್ವರಕ್ಕೆ ಭಕ್ತರು ಬರುತ್ತಾರೆ. ಜಗಳೂರಿನ ರಂಗಯ್ಯನದುರ್ಗ 2011ರಲ್ಲಿ ಕೊಂಡುಕುರಿಗಳಿಗಾಗಿ ವನ್ಯಧಾಮವಾಯಿತು. ಚನ್ನಗಿರಿಯ ಊರ ನೆತ್ತಿಯ ಮೇಲೆ ಹಳೆಯ ಕೋಟೆಯಿದೆ. ಇವುಗಳಿಗೆ ರಸ್ತೆ, ವಸತಿಗೃಹ ಬೇಡವೆನ್ನಲಾಗದು. ಸುತ್ತಲಿನ ಹಳ್ಳಿಗಳಿಗೆ ಅದರಿಂದ ದುಡಿಮೆ ಸಿಗುತ್ತದೆ. ಆದರೆ ಬೆಟ್ಟ ಎಷ್ಟು ಮಂದಿಯನ್ನು ತಾಳೀತು ಎಂಬ ಲೆಕ್ಕ ರಸ್ತೆಗಿಂತ ಮೊದಲೇ ಆಗಬೇಕು. ಚಿಕ್ಕಮಗಳೂರು ಆ ಲೆಕ್ಕವನ್ನು ತಡವಾಗಿ ಹಾಕಿತು. ನಮಗೆ ಇನ್ನೂ ಸಮಯವಿದೆ.