ಜಹೀರಾಬಾದ್ ರಸ್ತೆ, 16 ಸೆಪ್ಟೆಂಬರ್ 1948: ಹೈದರಾಬಾದ್ ಕಾರ್ಯಾಚರಣೆಯ ನಿರ್ಣಾಯಕ ಘಟ್ಟದ ಮರುಪರಿಶೀಲನೆ

1948ರ ಸೆಪ್ಟೆಂಬರ್ 13ರಂದು ಸೋಲಾಪುರದ ಕಡೆಯಿಂದ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ನುಗ್ಗಿದ ಭಾರತೀಯ ಸೇನೆ ಅದೇ ದಿನ ನಳದುರ್ಗವನ್ನು ಹಿಡಿಯಿತು. 17ರ ಸಂಜೆ ನಿಜಾಮರು ಕದನವಿರಾಮ ಸಾರಿದರು. ಮರುದಿನ ಸಂಸ್ಥಾನದ ಸೇನಾಪತಿ ಎಲ್ ಎದ್ರೂಸ್, ಮೇಜರ್ ಜನರಲ್ ಜೆ.ಎನ್. ಚೌಧುರಿಯವರಿಗೆ ಶರಣಾದರು. ಈ ಕ್ರಮದ ಬಗ್ಗೆಯಾಗಲಿ, ಸೋಲಾಪುರದ ದಂಡೇ ಮುಖ್ಯ ದಂಡು ಎಂಬುದರ ಬಗ್ಗೆಯಾಗಲಿ ತಕರಾರಿಲ್ಲ. ಹೋರಾಟ ಎಲ್ಲಿ ತೀರ್ಮಾನವಾಯಿತು ಎಂಬುದೇ ಚರ್ಚೆಯ ವಿಷಯ.

ಸಂಸ್ಥಾನಗಳ ವಿಲೀನವನ್ನು ಕುರಿತು 1956ರಲ್ಲಿ ಬರೆದ ವಿ.ಪಿ. ಮೆನನ್, ಮೊದಲೆರಡು ದಿನಗಳ ಬಳಿಕ ಪ್ರತಿರೋಧ ಕುಸಿದುಹೋಯಿತು ಎಂದು ತೀರ್ಮಾನಿಸುತ್ತಾರೆ. ಈ ಮಾತನ್ನು ಒಪ್ಪಿದರೆ ನಳದುರ್ಗವೇ ನಿರ್ಣಾಯಕ. ಅಲ್ಲಿಂದ ಮುಂದಿನದೆಲ್ಲ ಬರಿಯ ದಾರಿ ಸವೆಸುವ ಕೆಲಸ. 16ರ ಘಟನೆಗಳು ಈ ತೀರ್ಮಾನಕ್ಕೆ ಹೊಂದುವುದಿಲ್ಲ.

ಅಂದು ನಸುಕಿನಲ್ಲಿ ಲೆಫ್ಟಿನೆಂಟ್ ಕರ್ನಲ್ ರಾಮ್ ಸಿಂಗ್ ಅವರ ತುಕಡಿ ಜಹೀರಾಬಾದ್ ಕಡೆಗೆ ಹೊರಟಿತು. ದಾರಿಯಲ್ಲಿ ಹುಗಿದಿಟ್ಟಿದ್ದ ನೆಲಬಾಂಬುಗಳು ಅದರ ನಡೆಯನ್ನು ನಿಧಾನಗೊಳಿಸಿದವು. ಬೀದರ್ ರಸ್ತೆ ಹೆದ್ದಾರಿಗೆ ಕೂಡುವಲ್ಲಿ ಹೊಂಚು ಹಾಕಿದ್ದವರಿಂದ ಗುಂಡಿನ ದಾಳಿಯಾಯಿತು. ಅದನ್ನು ಎದುರಿಸಲು ಒಂದಿಷ್ಟು ಸೈನಿಕರನ್ನು ಅಲ್ಲೇ ಬಿಟ್ಟು ಉಳಿದ ದಂಡು ಮುಂದೆ ಸಾಗಿ, ಕತ್ತಲಾಗುವ ಹೊತ್ತಿಗೆ ಜಹೀರಾಬಾದನ್ನು ದಾಟಿ 15 ಕಿ.ಮೀ. ಹೋಗಿತ್ತು.

ಇದರಿಂದ ಎರಡು ಸಂಗತಿಗಳು ಹೊರಡುತ್ತವೆ. ಒಂದು, ಪ್ರತಿರೋಧ 14ಕ್ಕೇ ಮುಗಿದಿರಲಿಲ್ಲ, ಅದರ ರೀತಿ ಬದಲಾಗಿತ್ತು. 14ರಂದು ರಾಜೇಶ್ವರದ ದಾರಿ ತೆರವುಗೊಳಿಸಲು ಟೆಂಪೆಸ್ಟ್ ವಿಮಾನಗಳೇ ಬರಬೇಕಾಗಿತ್ತು. ಜಹೀರಾಬಾದಿನಲ್ಲಿ ಉಳಿದದ್ದು ರಸ್ತೆಯನ್ನು ಕೆಡಿಸುವ, ಹೊಂಚಿ ಹೊಡೆಯುವ ಕಾಳಗ. ಎರಡು, ಹೊಂಚಿನವರನ್ನು ಮಣಿಸುವವರೆಗೂ ಕಾಯದೆ ಮುಂದೆ ನಡೆದದ್ದರಿಂದ ಬೀದರಿಗೂ ರಾಜಧಾನಿಗೂ ನಡುವಣ ಹೆದ್ದಾರಿಯ ಒಂದು ಭಾಗ ಭಾರತೀಯರ ಕೈಸೇರಿತು. 17ರ ಬೆಳಗ್ಗೆ ಸೇನೆ ಬೀದರನ್ನು ಪ್ರವೇಶಿಸಿತು. ಜಹೀರಾಬಾದ್ ದಾಟಿದ್ದ ದಂಡಿಗೆ ಹೈದರಾಬಾದ್ ತಲುಪಲು ಉಳಿದಿದ್ದ ದೂರ 100 ಕಿ.ಮೀ.ಗೂ ಕಡಿಮೆ. ಅದೇ 16ರಂದು ಪ್ಯಾರಿಸ್ಸಿನಲ್ಲಿ ಭದ್ರತಾ ಮಂಡಳಿ ಹೈದರಾಬಾದಿನ ದೂರನ್ನು ಚರ್ಚೆಗೆ ಎತ್ತಿಕೊಂಡಿತ್ತೆಂಬುದನ್ನು ನೆನೆದರೆ, ಆ ಒಂದು ದಿನದ ಬೆಲೆ ಅರ್ಥವಾಗುತ್ತದೆ.

ಆದ್ದರಿಂದ ಪಶ್ಚಿಮ ರಂಗದ ನಿರ್ಣಾಯಕ ಘಟ್ಟ ಜಹೀರಾಬಾದ್ ರಸ್ತೆ ಎಂಬುದು ನನ್ನ ವಾದ. ಈ ವಾದಕ್ಕೆ ಮಿತಿಗಳಿವೆ. ಅತಿ ಉಗ್ರವಾದ ಕದನ ಅಲ್ಲಿ ನಡೆಯಿತೆಂದು ನಾನು ಹೇಳುತ್ತಿಲ್ಲ. ನಳದುರ್ಗ ಬೀಳದಿದ್ದರೆ ಆ ರಸ್ತೆಯ ಮಾತೇ ಬರುತ್ತಿರಲಿಲ್ಲ. ವಿಜಯವಾಡದ ಕಡೆಯಿಂದ ಬಂದ ಒತ್ತಡವೂ, ಸಂಸ್ಥಾನದ ಪ್ರಧಾನಿ ಲಾಯಿಕ್ ಅಲಿ ಮಂತ್ರಿಮಂಡಲದ ರಾಜೀನಾಮೆಯೂ ನಿಜಾಮರ ನಿರ್ಧಾರದಲ್ಲಿ ಪಾಲು ಪಡೆದಿವೆ. ಯಾವ ಸ್ಥಳ ದಾಟಿದ ಮೇಲೆ ರಾಜಧಾನಿಯ ಪಶ್ಚಿಮ ದಾರಿಯನ್ನು ಕಾಯುವುದು ಸಂಸ್ಥಾನಕ್ಕೆ ಅಸಾಧ್ಯವಾಯಿತೋ ಅದನ್ನು ನಿರ್ಣಾಯಕವೆನ್ನುವುದಾದರೆ ಮಾತ್ರ ನನ್ನ ವಾದ ನಿಲ್ಲುತ್ತದೆ.

ಈ ಘಟ್ಟ ಮರೆಯಾದದ್ದಕ್ಕೆ ಗಡಿಯೂ ಒಂದು ಕಾರಣವಿರಬೇಕು. 1948ರಲ್ಲಿ ಜಹೀರಾಬಾದ್, ನಾರಾಯಣಖೇಡ್ ಬೀದರ್ ಜಿಲ್ಲೆಯಲ್ಲಿದ್ದವು. ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. 1956ರಲ್ಲಿ ನಿರ್ಣಾ ವೃತ್ತವೊಂದನ್ನುಳಿದ ಜಹೀರಾಬಾದ್ ತಾಲ್ಲೂಕೂ, ನಾರಾಯಣಖೇಡ್, ತಾಂಡೂರು ತಾಲ್ಲೂಕುಗಳೂ ಆಂಧ್ರಪ್ರದೇಶಕ್ಕೆ ಸೇರಿದವು. ಹೈದರಾಬಾದ್ ಕರ್ನಾಟಕ ವಿಮೋಚನೆಯ ನಮ್ಮ ಕಥನ ಹೊಸ ಗಡಿಯಲ್ಲೇ ನಿಂತುಬಿಟ್ಟಿತು. ತೆಲಂಗಾಣದ ಕಥನ ನಲ್ಗೊಂಡ, ವರಂಗಲ್ಲುಗಳ ರೈತ ಹೋರಾಟದ ಸುತ್ತ ಬೆಳೆಯಿತು. ಎರಡರ ನಡುವೆ ಈ ತಾಲ್ಲೂಕುಗಳು ಅನಾಥವಾದವು.

ಇದು ನಕ್ಷೆಗಷ್ಟೇ ಸಂಬಂಧಿಸಿದ ಮಾತಲ್ಲ. ಕಾರ್ಯಾಚರಣೆಯ ಬಳಿಕ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ಪರಿಶೀಲಿಸಿದ ಸುಂದರಲಾಲ್ ಸಮಿತಿ, ಕಡಿಮೆಯೆಂದರೂ 27,000ದಿಂದ 40,000 ಜನ ಸತ್ತರೆಂದು ಅಂದಾಜಿಸಿತು. ಅತಿ ಹೆಚ್ಚು ನೊಂದವೆಂದು ಅದು ಹೆಸರಿಸಿದ ನಾಲ್ಕು ಜಿಲ್ಲೆಗಳಲ್ಲಿ ಬೀದರ್, ಗುಲಬರ್ಗಾಗಳೂ ಇವೆ. ಅಂದಿನ ಬೀದರ್ ಎಂದರೆ ನಾರಾಯಣಖೇಡೂ ಹೌದು, ಅಂದಿನ ಗುಲಬರ್ಗಾ ಎಂದರೆ ತಾಂಡೂರೂ ಹೌದು. ಕಾರ್ಯಾಚರಣೆಗೆ ಮೊದಲು ನಿಜಾಮರ ಪರವಾದ ಖಾಸಗಿ ಪಡೆ ರಜಾಕಾರರ ಹಾವಳಿಯಲ್ಲಿ ನೊಂದವರನ್ನೂ ಅದರ ನಂತರ ನೊಂದವರನ್ನೂ ಒಂದೇ ಎಚ್ಚರದಿಂದ ದಾಖಲಿಸುವುದು ಚರಿತ್ರೆಕಾರರ ಹೊಣೆ.

ಜಹೀರಾಬಾದ್ ದಾಟಿದ ಸುದ್ದಿ ನಿಜಾಮರ ನಿರ್ಧಾರದಲ್ಲಿ ಎಷ್ಟು ತೂಗಿತು, ಆ ಹಿಂಸೆ ಈ ಮೂರು ತಾಲ್ಲೂಕುಗಳ ಯಾವ ಹಳ್ಳಿಗಳನ್ನು ಎಷ್ಟು ತಟ್ಟಿತು ಎಂಬ ಪ್ರಶ್ನೆಗಳು ತೆರೆದೇ ಇವೆ. ಸೇನಾ ದಾಖಲೆಗಳನ್ನು ಉರ್ದು ಕಂದಾಯ ಕಡತಗಳ ಜೊತೆಗಿಟ್ಟು, ಕನ್ನಡ ತೆಲುಗು ಎರಡನ್ನೂ ಬಲ್ಲವರು ಓದಿದರೆ ಇವಕ್ಕೆ ಉತ್ತರ ಹುಡುಕುವ ಕೆಲಸ ಶುರುವಾದೀತು.